ಇಪ್ಪತ್ತರ ಹರೆಯದ ಸಾರಥಿ

ಯುದ್ಧದಲ್ಲಿ ಮಡಿದವರ ಅಂಕಿಸಂಖ್ಯೆಗಳನ್ನು ಓದುವಾಗ ಮನಸ್ಸು ಮರಗಟ್ಟುತ್ತದೆ. ಒಬ್ಬನ ಕಥೆ ಕೇಳಿದಾಗ ಮಾತ್ರ ಅದು ಮಿಡಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಪಡೆ ಕಳೆದುಕೊಂಡ ವೈಮಾನಿಕರು 55,573 ಮಂದಿ. ಅವರಲ್ಲಿ ಒಬ್ಬ ತರುಣನನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಲೆಸ್ಲಿ ಥಾಮಸ್ ಮ್ಯಾನ್ಸರ್ ಹುಟ್ಟಿದ್ದು 1922ರ ಮೇ 11ರಂದು, ನಮ್ಮ ಹೊಸದಿಲ್ಲಿಯಲ್ಲಿ. ತಂದೆ ಅಂಚೆ ಮತ್ತು ತಂತಿ ಇಲಾಖೆಯ ಇಂಜಿನಿಯರು. ಹುಡುಗ ಡಾರ್ಜಿಲಿಂಗ್ ಸೀಮೆಯ ಕರ್ಸಿಯಾಂಗಿನಲ್ಲಿ ಕೆಲಕಾಲ ಓದಿ, ಮನೆಯವರೊಡನೆ ಇಂಗ್ಲೆಂಡಿಗೆ ಮರಳಿದ. ಮುಂದೆ ವಾಯುಪಡೆಯನ್ನು ಸೇರಿದ.

1942ರ ಮೇ 30ರ ರಾತ್ರಿ ಜರ್ಮನಿಯ ಕೊಲೋನ್ ನಗರದ ಮೇಲೆ ದಾಳಿಮಾಡಲು ಸಾವಿರಕ್ಕೂ ಹೆಚ್ಚು ವಿಮಾನಗಳು ಹೊರಟವು. ಆ ಸಂಖ್ಯೆಯನ್ನು ತುಂಬಿಸಲು ತರಬೇತಿಯ ವಿಮಾನಗಳನ್ನೂ ಕಳುಹಿಸಬೇಕಾಯಿತು. ಮ್ಯಾನ್ಸರನಿಗೆ ಇಪ್ಪತ್ತು ತುಂಬಿ ಹತ್ತೊಂಬತ್ತು ದಿನಗಳಾಗಿದ್ದವು. ಅವನ ಪಾಲಿಗೆ ಬಂದದ್ದು, ಎರಡು ಎಂಜಿನುಗಳನ್ನು ನಂಬಲಾಗದೆಂಬ ಅಪಖ್ಯಾತಿ ಪಡೆದಿದ್ದ 'ಮ್ಯಾಂಚೆಸ್ಟರ್' ವಿಮಾನ. ಅದರಲ್ಲಿ ಅವನೊಡನೆ ಆರು ಜನರಿದ್ದರು.

ಬಾಂಬುಗಳನ್ನು ಬೀಳಿಸಿದ ಹೊತ್ತಿಗೆ ನೆಲದ ಫಿರಂಗಿಗಳ ಏಟು ತಗುಲಿತು. ಹಿಂಬದಿಯ ಬಂದೂಕುಗಾರ ಗಾಯಗೊಂಡ; ಒಂದು ಎಂಜಿನಿಗೆ ಬೆಂಕಿ ಹತ್ತಿತು. ಬೆಂಕಿ ಆರಿದರೂ ವಿಮಾನ ಎತ್ತರ ಕಳೆದುಕೊಳ್ಳುತ್ತಲೇ ಇತ್ತು. ಆಗಲೇ ಹಾರಿಕೊಂಡಿದ್ದರೆ ಮ್ಯಾನ್ಸರ್ ಬದುಕಿಕೊಳ್ಳಬಹುದಿತ್ತು. ಆದರೆ ಸಂಗಡಿಗರನ್ನು ಶತ್ರುವಿನ ಕೈಗೆ ಬೀಳದಂತೆ ಮನೆಮುಟ್ಟಿಸುವುದು ಅವನ ಹಟ. ಬೆಲ್ಜಿಯಂ ನೆಲದ ಮೇಲೆ ಬಂದಾಗ ಆ ಆಸೆಯೂ ಮುಗಿಯಿತು; ಎಲ್ಲರೂ ಹಾರಲು ಆಜ್ಞೆಯಿತ್ತ. ಸಾರ್ಜೆಂಟನೊಬ್ಬ ಅವನಿಗೂ ಪ್ಯಾರಾಷೂಟು ನೀಡಹೋದ. ಮ್ಯಾನ್ಸರ್ ಬೇಡವೆಂದು ಕೈಬೀಸಿದ. ವಿಮಾನವನ್ನು ತಾನು ಇನ್ನು ಕೆಲವೇ ಕ್ಷಣ ಹಿಡಿದಿರಬಲ್ಲೆ, ತಡಮಾಡದೆ ಹಾರು ಎಂದ. ಆರು ಜನರೂ ಹಾರಿದರು. ವಿಮಾನ ನೆಲಕ್ಕಪ್ಪಳಿಸಿ ಉರಿಯಿತು.

ಒಡೆಯನ ಅನ್ನದ ಋಣಕ್ಕಾಗಿ ಆಳು ಪ್ರಾಣ ತೆರುವುದನ್ನು ನಮ್ಮ ಹಿರಿಯರು ಜೋಳವಾಳಿ ಎಂದರು. ಹಳಗನ್ನಡ ಕಾವ್ಯಗಳನ್ನು ಬಹುಕಾಲ ಪಾಠ ಹೇಳಿದ ನನಗೆ ಇಲ್ಲಿ ಆ ಋಣವೇ ತಿರುವುಮುರುವಾದಂತೆ ತೋರುತ್ತದೆ: ಆಳುಗಳಿಗಾಗಿ ನಾಯಕನೇ ಅಳಿದ.

ಇಳಿದವರಲ್ಲಿ ಒಬ್ಬ ಸೆರೆಯಾದ. ಉಳಿದ ಐವರನ್ನು ಬೆಲ್ಜಿಯಂನ ಸಾಮಾನ್ಯ ಜನ ಬಚ್ಚಿಟ್ಟು ಸಾಕಿದರು. 'ಕಾಮೆಟ್' ಎಂಬ ಗುಪ್ತಜಾಲದವರು ಅವರನ್ನು ಫ್ರಾನ್ಸಿನ ಮೂಲಕ ಪಿರೆನೀಸ್ ಪರ್ವತ ದಾಟಿಸಿದರು. ಸ್ವದೇಶ ತಲುಪಿ ಅವರು ನುಡಿದ ಸಾಕ್ಷ್ಯದಿಂದಲೇ ಮ್ಯಾನ್ಸರನಿಗೆ 1942ರ ಅಕ್ಟೋಬರಿನಲ್ಲಿ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು. ಅವರು ಮರಳದಿದ್ದರೆ ಆ ಕೊನೆಯ ಕ್ಷಣಗಳ ಕಥೆ ಲೋಕಕ್ಕೆ ತಲುಪುವುದು ಕಷ್ಟವಿತ್ತು. ಉಳಿದ ಸಾವಿರಾರು ವಿಮಾನಗಳಲ್ಲಿ ಸಾಕ್ಷಿಯೇ ಇಲ್ಲದೆ ಕಳೆದುಹೋದ ಇಂಥ ಕ್ಷಣಗಳೆಷ್ಟೋ!

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ. ಅದೇ ರಾತ್ರಿ ಕೊಲೋನಿನಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು 45,000 ಜನ ಮನೆ ಕಳೆದುಕೊಂಡರು. ಮ್ಯಾನ್ಸರನ ಕೈ ಆರು ಜೀವಗಳನ್ನು ಉಳಿಸಿತು; ಅದಕ್ಕೆ ಮುನ್ನ ಅದೇ ಕೈ ವಿಮಾನವನ್ನು ಆ ಮನೆಗಳ ಮೇಲಕ್ಕೆ ನಡೆಸಿತ್ತು. ಎರಡೂ ನಿಜ. ಒಂದನ್ನು ಮರೆತರೆ ಇನ್ನೊಂದರ ಸ್ಮರಣೆ ಬರಿಯ ಜಯಘೋಷವೋ ಬರಿಯ ದೂಷಣೆಯೋ ಆಗುತ್ತದೆ.

2012ರಲ್ಲಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ತೆರೆದ ಬಾಂಬರ್ ಪಡೆಯ ಸ್ಮಾರಕ, ತನ್ನ ವೈಮಾನಿಕರನ್ನಷ್ಟೇ ಅಲ್ಲದೆ ಬಾಂಬುದಾಳಿಗಳಲ್ಲಿ ಮಡಿದ ಎಲ್ಲ ದೇಶಗಳವರನ್ನೂ ನೆನೆಯುತ್ತದೆ. ಮ್ಯಾನ್ಸರನ ಸಮಾಧಿ ಇರುವುದು ಬೆಲ್ಜಿಯಂನ ಹೆವರ್ಲೀ ಯುದ್ಧ ಸ್ಮಶಾನದಲ್ಲಿ, ಅವನ ಸಂಗಡಿಗರಿಗೆ ಆಶ್ರಯ ಕೊಟ್ಟ ಜನರ ನೆಲದಲ್ಲಿ.