ಪಾತ್ರೆ ಮೇಲೆ ಯಾರ ಹೆಸರು?

ಕೃಷ್ಣರಾಜಪೇಟೆ: ಲಗ್ನದ ಕಾಲ ಬಂತೆಂದರೆ ಪೇಟೆಯ ಪಾತ್ರೆ ಅಂಗಡಿಗಳಲ್ಲಿ ‘ಗುರ್ರ್’ ಎಂಬ ಸದ್ದು ಶುರುವಾಗುತ್ತದೆ. ಬಸ್ಸಿಗೆ ಓಡುವವರಿಗೆ ಅದು ಡಾಕ್ಟರು ಹಲ್ಲು ಕೊರೆಯುವ ಸದ್ದಿನಂತೆ ಕೇಳಿಸೀತು. ಹಲ್ಲಲ್ಲ ಸ್ವಾಮಿ, ಹೆಸರು! ಸ್ಟೀಲ್ ಕೊಳಗದ ಕಂಠದ ಮೇಲೆ, ತಟ್ಟೆಯ ಅಂಚಿನ ಮೇಲೆ, ಚೊಂಬಿನ ಹೊಟ್ಟೆಯ ಮೇಲೆ ಕೊಟ್ಟವರ ಹೆಸರು ಕೂರುತ್ತಿರುವ ಸದ್ದು ಅದು.

‘ಅಣ್ಣ, ಒಂದು ಹೆಸ್ರು ಹಾಕ್ಕೊಡಿ.’

‘ಯಾರ ಹೆಸ್ರು ಹಾಕ್ಲಕ್ಕ?’

‘ಇನ್ಯಾರ್ದು, ನಮ್ಮೆಜಮಾನ್ರದ್ದೇ ಹಾಕ್ಬುಡಿ.’

ಪಾತ್ರೆ ಅಂಗಡಿಯ ಗಲ್ಲಾದ ಮುಂದೆ ಹತ್ತು ನಿಮಿಷ ನಿಂತವರ ಕಿವಿಗೆ ಈ ಮಾತು ಬೀಳದೆ ಇರದು. ಚೀಟಿ ದುಡ್ಡಲ್ಲಿ ಕೊಳಗ ಕೊಂಡವಳು ಅಕ್ಕ. ಹೊತ್ತು ತಂದು ಮದುವೆ ಮನೆಯಲ್ಲಿ ಕೊಡುವವಳೂ ಅಕ್ಕನೇ. ಹೆಸರು ಮಾತ್ರ ಯಜಮಾನರದು. ಆ ವಿಷಯಕ್ಕೆ ಆಮೇಲೆ ಬರೋಣ.

ಕನ್ನಡ ಅಕ್ಷರ ಬರೆದ ಉಡುಗೊರೆ ಕೊಡುವುದು ಈಗ ಬೆಂಗಳೂರಿನಲ್ಲಿ ಒಂದು ಫ್ಯಾಷನ್ನು. ಅಕ್ಷರದ ಮೋಹ ಇರುವವರಿಗೆಂದೇ ಟೀ ಶರ್ಟು, ಕಾಫಿ ಲೋಟ, ಕೀ ಗೊಂಚಲು, ೧ರಿಂದ ೧೨ರವರೆಗೆ ಕನ್ನಡ ಅಂಕಿ ಇರುವ ಗೋಡೆ ಗಡಿಯಾರ ಮಾರುತ್ತಾರೆ. ನವೆಂಬರ್ 1 ಹತ್ತಿರ ಬಂದಾಗ ಇವಕ್ಕೆ ಭರ್ಜರಿ ಗಿರಾಕಿ. ಗಡಿಯಾರದ ಮಟ್ಟಿಗೆ ಒಪ್ಪಬೇಕಾದ್ದೇ. ಮನೆಯಲ್ಲಿ ಒಂದಿದ್ದರೆ ೬ ಯಾವುದು, ೯ ಯಾವುದು ಎಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟೀ ಶರ್ಟಿನ ಅಕ್ಷರ ಇಪ್ಪತ್ತು ಸಲ ಒಗೆದ ಮೇಲೆ ಏನಾಗುತ್ತದೆಂಬುದು ಒಗೆಯುವವರಿಗೇ ಗೊತ್ತು. ಪೇಟೆಯ ಪಾತ್ರೆ ಅಂಗಡಿಗಳು ಇದೇ ವ್ಯಾಪಾರವನ್ನು ಫ್ಯಾಷನ್ನಿನ ಹಂಗಿಲ್ಲದೆ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿವೆ. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ಮೂವತ್ತು ವರ್ಷ ತಿಕ್ಕಿದರೂ ಪಾತ್ರೆ ಮೇಲಿನ ಹೆಸರು ಅಲ್ಲೇ ಇರುತ್ತದೆ.

ಈ ಕೈಮಿಷನ್ನು ನೋಡಲು ದಪ್ಪ ಪೆನ್ನಿನ ಹಾಗಿದೆ. ಒಳಗೊಂದು ತಂತಿಯ ಸುರುಳಿ, ತುದಿಯಲ್ಲಿ ಗಟ್ಟಿ ಮೊನೆ. ಕರೆಂಟು ಹರಿದಾಗ ಸುರುಳಿ ಅಯಸ್ಕಾಂತವಾಗಿ ಮೊನೆಯನ್ನು ಎಳೆದು ಬಿಡುತ್ತದೆ. ನಮ್ಮ ಮನೆಗಳಿಗೆ ಬರುವುದು 50 ಸೈಕಲ್ಲಿನ ಕರೆಂಟು. ಹಾಗಾಗಿ ಮೊನೆ ನಿಮಿಷಕ್ಕೆ ಸುಮಾರು 6,000 ಸಲ ಕುಟ್ಟುತ್ತದೆ. ಕಣ್ಣಿಗೆ ಗೆರೆ ಅನ್ನಿಸುವುದು ಅಸಲಿಗೆ ಚುಕ್ಕಿಗಳ ಸಾಲು. ಇದರಲ್ಲಿ ಅಳಿಸಿ ಬರೆಯುವ ಮಾತೇ ಇಲ್ಲ. ಹಿಡಿದ ಕೈ ನಡುಗಿದರೆ ನಡುಕವೂ ಪಾತ್ರೆ ಇರುವಷ್ಟು ದಿನ ಇರುತ್ತದೆ.

ಮಿಷನ್ನು ಬರುವ ಮುಂಚೆ, ಹಿತ್ತಾಳೆ ತಾಮ್ರದ ಕಾಲದಲ್ಲಿ, ಚಾಣ ಇಟ್ಟು ಸುತ್ತಿಗೆಯಲ್ಲಿ ಒಂದೊಂದೇ ಚುಕ್ಕಿ ಕುಟ್ಟಬೇಕಿತ್ತು. ಅಟ್ಟದ ಮೇಲಿರುವ ಅಜ್ಜಿಯ ಬಿಂದಿಗೆ ಇಳಿಸಿ ಬೆಳಕಿಗೆ ಹಿಡಿದರೆ ಆ ಚುಕ್ಕಿಗಳು ಈಗಲೂ ಕಾಣುತ್ತವೆ. ಹಿತ್ತಾಳೆ ಕೆಲಸಕ್ಕೆ ಪಕ್ಕದ ನಾಗಮಂಗಲದ ಕೈ ಹೆಸರಾದದ್ದು. ಇನ್ನೂ ಹಿಂದಕ್ಕೆ ಹೋದರೆ ರಾಜರು ದಾನ ಕೊಟ್ಟು ತಾಮ್ರದ ಹಲಗೆಯ ಮೇಲೆ ಬರೆಸಿದ ಶಾಸನಗಳೂ ಇದೇ ಜಾತಿಯವು: ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದೇನು. ಅಲ್ಲಿ ಊರಿಗೆ ಊರೇ ದಾನ, ಇಲ್ಲಿ ಒಂದು ಇಡ್ಲಿ ಪಾತ್ರೆ!

ಕನ್ನಡದ ಅಕ್ಷರ ದುಂಡಗಿರುವುದರಿಂದ ಮೊನೆಗೆ ಸಲೀಸು. ತೊಂದರೆ ಕೊಡುವುದು ಒತ್ತು. ‘ಲಕ್ಷ್ಮಮ್ಮ’ ಎಂದು ಬರೆಯಲು ಸಾಲಿನ ಕೆಳಗೆ ಇನ್ನೊಂದು ಸಾಲಿನಷ್ಟು ಜಾಗ ಬೇಕು. ಲೋಟದ ಅಂಚಿನಲ್ಲಿ ಅದೆಲ್ಲಿ ಸಿಗಬೇಕು? ‘ಕೃಷ್ಣರಾಜಪೇಟೆ’ ಎಂದು ಪೂರ್ತಿ ಹಾಕಿಸುವವರೂ ಕಮ್ಮಿ. ಕೆ.ಆರ್.ಪೇಟೆ ಎಂದರೆ ಒತ್ತೂ ಇಲ್ಲ, ವಟ್ರಸುಳಿಯೂ ಇಲ್ಲ. (1891ರವರೆಗೆ ಊರಿಗಿದ್ದ ‘ಅತ್ತಿಗುಪ್ಪೆ’ಯಲ್ಲಿ ಎರಡು ಒತ್ತಿದ್ದವು, ಅದು ಬೇರೆ ಮಾತು.) ಇನ್ನು ‘ಶೋಭಾ’ಳ ಭಕಾರಕ್ಕೆ ಕೆಳಗಿನ ಸಣ್ಣ ಗೀಟು ಬಿಟ್ಟರೆ ಆಕೆ ಜನ್ಮಪೂರ್ತಿ ‘ಶೋಬಾ’. ‘ರಾಧ’ಳ ಗತಿಯೂ ಅಷ್ಟೇ. ತಪ್ಪು ಅಂಗಡಿಯವನದೇ ಅನ್ನುವ ಹಾಗೂ ಇಲ್ಲ. ಬಸ್ಸಿಗೆ ಹೊತ್ತಾಯಿತೆಂದು ಬಾಯಲ್ಲಿ ಹೆಸರು ಹೇಳಿ, ಅವನು ಬರೆಯುವಾಗ ಫೋನಿನಲ್ಲಿ ಮುಳುಗುವ ಗಿರಾಕಿಯದೂ ಅರ್ಧ ಪಾಲಿದೆ.

ಅಣ್ಣತಮ್ಮಂದಿರು ಪಾಲಾಗುವ ದಿನ ಈ ಅಕ್ಷರದ ಬೆಲೆ ತಿಳಿಯುತ್ತದೆ. ಹೊಲ ಗದ್ದೆಗೆ ಪಹಣಿ ಇದೆ, ಪಾತ್ರೆಗೆ ಏನಿದೆ? ನಡುಮನೆಯಲ್ಲಿ ಪಾತ್ರೆ ರಾಶಿ ಹಾಕಿ, ಒಂದೊಂದನ್ನೇ ತಿರುಗಿಸಿ ಹೆಸರು ಓದುವುದೇ ದಾರಿ. ‘ಇದು ನಮ್ಮವ್ವ ಕೊಟ್ಟಿದ್ದು ಕಣತ್ತೆ’ ಎಂದು ಸೊಸೆ ಹೇಳಿದರೆ ಸಾಲದು, ಕೊಳಗವೂ ಹಾಗೇ ಹೇಳಬೇಕು. ಹೆಣ್ಣಿಗೆ ಬಂದ ಉಡುಗೊರೆ ಸ್ತ್ರೀಧನ, ಗಂಡನ ಮನೆಯಲ್ಲಿದ್ದರೂ ಅದು ಅವಳದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಹೇಳಿತು. ಅದೇ ವರ್ಷದ ವರದಕ್ಷಿಣೆ ನಿಷೇಧದ ನಿಯಮಗಳ ಪ್ರಕಾರ ಮದುವೆಯ ಉಡುಗೊರೆಗಳ ಪಟ್ಟಿ ಬರೆದು, ಕೊಟ್ಟವರ ಹೆಸರು ಸೇರಿಸಿ, ಸಹಿ ಹಾಕಿಡಬೇಕು. ಪಟ್ಟಿ ಬರೆದಿಟ್ಟ ಮನೆ ಎಷ್ಟಿವೆಯೋ! ಮುಯ್ಯಿ ಬರೆದ ಪುಸ್ತಕವೂ ಸಾಮಾನ್ಯವಾಗಿ ಗಂಡಸರ ಕೈಯಲ್ಲೇ. ಹೀಗಿರುವಾಗ ಹೆಣ್ಣುಮಗಳ ಪಾಲಿಗೆ ಕೈಗೆ ಸಿಗುವ ದಾಖಲೆ ಪಾತ್ರೆ ಮೇಲಿನ ಎರಡು ಸಾಲು. ಅದರಲ್ಲೂ ಅವಳ ಹೆಸರಿಲ್ಲ, ಅವಳವ್ವನ ಹೆಸರಿಲ್ಲ.

ತಾಲ್ಲೂಕಿಗೆ ಇದೇನೂ ಸನಾತನ ಪದ್ಧತಿಯಲ್ಲ. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಹೆಂಗಸು. ಹೊಯ್ಸಳ ನರಸಿಂಹನ ಕಾಲದಲ್ಲಿ ಆಕೆಯ ಹೆಸರು ಕಲ್ಲಿನ ಮೇಲೆ ಕೂತಿತು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1977ರಲ್ಲಿ ಒಂದೇ ಸಂಪುಟವಾಗಿ ಅಚ್ಚು ಹಾಕಿಸಿದೆ. ಕುತೂಹಲ ಇದ್ದವರು ತಿರುವಿ ಹಾಕಬಹುದು. ಎಂಟು ನೂರು ವರ್ಷದ ಹಿಂದೆ ಗುಡಿಗೆ ಒಪ್ಪಿದ ಹೆಂಗಸಿನ ಹೆಸರು ಇವತ್ತು ಸ್ಟೀಲ್ ಡಬರಿಗೆ ಯಾಕೆ ಒಪ್ಪುವುದಿಲ್ಲವೋ ಪೇಟೆಯವರೇ ಹೇಳಬೇಕು.

ಈಗ ಲೇಸರ್ ಮಿಷನ್ನು ಬಂದಿದೆ. ಕಂಪ್ಯೂಟರಿನಲ್ಲಿ ಹೆಸರು ಒತ್ತಿದರೆ ಅಚ್ಚಿನಂತೆ ಅಕ್ಷರ ಇಳಿಯುತ್ತದೆ. ಗಣೇಶನ ಚಿತ್ರ ಬೇಕಾದರೂ ಸೈ. 1998ರಲ್ಲಿ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದ ಮೇಲೆ ಲಗ್ನಪತ್ರಿಕೆ ಅಚ್ಚು ಹಾಕುವವರಿಗೆ ಅಕ್ಷರದ ಬರ ನೀಗಿತು. ಆದರೆ ಹಳೆಯ ಲಿಪಿಯಲ್ಲಿ ಒತ್ತಿದ್ದನ್ನು ಯೂನಿಕೋಡ್ ಮಿಷನ್ನಿಗೆ ಹಾಕಿದಾಗ ಹೆಸರು ಎಕ್ಕುಟ್ಟಿ, ‘ಲಕ್ಷ್ಮಮ್ಮ’ನ ಜಾಗದಲ್ಲಿ ಗುರುತಿಲ್ಲದ ಚಿಹ್ನೆಗಳು ಬರುವುದುಂಟು. ಕನ್ನಡ ಓದಲು ಬಾರದ ಆಪರೇಟರ್ ಅದನ್ನೇ ಕೊರೆದುಕೊಟ್ಟರೆ ದೇವರೇ ಗತಿ. ಕೈಬರಹದಲ್ಲಿ ಇನ್ನೊಂದು ಸುಖವಿದೆ: ಒಬ್ಬೊಬ್ಬನ ‘ಶ್ರೀ’ ಒಂದೊಂದು ಥರ. ಬಾಲ ಎಳೆದ ‘ಶ್ರೀ’ ನೋಡಿಯೇ ಇದು ಇಂಥ ಅಂಗಡಿಯ ಪಾತ್ರೆ ಅನ್ನುವ ಹೆಂಗಸರು ಹಳ್ಳಿಗಳಲ್ಲಿದ್ದಾರೆ.

ವ್ಯಾಪಾರದ ಪರಿಸ್ಥಿತಿಯೂ ಮೊದಲಿನಂತಿಲ್ಲ. ಪಾತ್ರೆ ಹೊರುವ ಬದಲು ಕವರಿನಲ್ಲಿ ಮುಯ್ಯಿ ಹಾಕಿ ಊಟಕ್ಕೆ ಕೂರುವುದು ಸಲೀಸು; ಫೋನಿನಲ್ಲಿ ದುಡ್ಡು ಕಳಿಸುವುದು ಇನ್ನೂ ಸಲೀಸು. ಪಾತ್ರೆಯೇ ಬೇಡ ಅನ್ನುವವರಿಗೆ ಕಿಕ್ಕೇರಿಯಲ್ಲೇ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಇದೆ. 1942ರಿಂದ ಮದುಮಕ್ಕಳ ಕೈ ಸೇರುತ್ತಿರುವ ಪುಸ್ತಕ. ಮೊದಲ ಪುಟದಲ್ಲಿ ಸ್ವಂತ ಕೈಯಲ್ಲಿ ಹೆಸರು ಬರೆದು ಕೊಟ್ಟರೆ ಮಿಷನ್ನಿನ ಖರ್ಚೂ ಉಳಿಯಿತು.

ಪಾತ್ರೆಯೇ ಆಗಬೇಕು ಅನ್ನುವವರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯವನು ಮೊದಲು ಸ್ಕೆಚ್ ಪೆನ್ನಿನಲ್ಲಿ ಬರೆಯಲಿ, ನೀವು ಗಟ್ಟಿಯಾಗಿ ಓದಿ, ಆಮೇಲೆ ಮಿಷನ್ನು ಇಡಲಿ. ಹೆಸರಿನ ಕೆಳಗೆ ತಾರೀಕು ಹಾಕಿಸಿ. ಅಂಗಡಿಯವರು ‘ಯಾರ ಹೆಸ್ರು ಹಾಕ್ಲಕ್ಕ?’ ಅನ್ನುವ ಬದಲು ‘ನಿಮ್ ಹೆಸ್ರೇನಕ್ಕ?’ ಎಂದು ಕೇಳಿ ನೋಡಲಿ. ಮದುವೆಯ ಹಿಂದಿನ ಸಂಜೆ ಕೊನೇ ಬಸ್ಸಿನ ಹೊತ್ತಿಗೆ ಮಾತ್ರ ಓಡಿ ಬರಬೇಡಿ. ಕರೆಂಟು ಹೋದರೆ ಮಿಷನ್ನು ಕುಟ್ಟುವುದಿಲ್ಲ, ಚಾಣ ಹಿಡಿಯುವವರು ಈಗ ಸಿಗುವುದಿಲ್ಲ.