ಒಂದೇ ಮನೆ, ಮೂರು ಜಿಲ್ಲೆ: ಪೋಸ್ಟ್‌ಗ್ರೆಸ್‌ನಲ್ಲಿ ನಮಗೆ ಉಪಯೋಗಕ್ಕೆ ಬಂದ ಎಕ್ಸ್‌ಟೆನ್ಶನ್‌ಗಳು

ಡಿಬಿಎಂಎಸ್ ಲ್ಯಾಬ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಎಂಪ್ಲಾಯಿ ಟೇಬಲ್, ಡಿಪಾರ್ಟ್‌ಮೆಂಟ್ ಟೇಬಲ್, ನಾಲ್ಕೈದು ಕ್ವೆರಿ, ಆಮೇಲೆ ವೈವಾ. ಈ ಸಲ ಮಿನಿ ಪ್ರಾಜೆಕ್ಟ್‌ಗೆ ನಮ್ಮ ಟೀಮ್ ಬೇರೆ ಏನಾದ್ರೂ ಮಾಡೋಣ ಅಂತ ಯೋಚಿಸಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಿಂದ ನಮ್ಮ ಕಾಲೇಜಿಗೆ ಬಂದವರ ಒಂದು ಪಟ್ಟಿ ಮಾಡಿದ್ವಿ. ಹೊಸದಾಗಿ ಸೇರುವ ಜೂನಿಯರ್‌ಗಳು ಯಾವ ಸರ್ಟಿಫಿಕೇಟ್ ತರಬೇಕು, ಎಲ್ಲಿ ಮಾಡಿಸಬೇಕು ಅಂತ ತಮ್ಮ ತಾಲ್ಲೂಕಿನ ಸೀನಿಯರ್‌ಗಳನ್ನೇ ಕೇಳಬಹುದು ಅನ್ನೋದು ಉದ್ದೇಶ. ಒಪ್ಪಿದವರ ವಿವರ ಮಾತ್ರ ತಗೊಂಡ್ವಿ.

ಫಾರ್ಮ್ ತುಂಬಿ ಬಂತು. ತೆರೆದು ನೋಡಿದ್ರೆ ತಲೆ ತಿರುಗಿತು. ಹರಪನಹಳ್ಳಿಯನ್ನೇ ಇಂಗ್ಲಿಷ್‌ನಲ್ಲಿ ಮೂರು ಥರ ಬರೆದಿದ್ರು. ಕೆಲವರು ಹಡಗಲಿ, ಕೆಲವರು ಹೂವಿನ ಹಡಗಲಿ. ಹಗರಿಬೊಮ್ಮನಹಳ್ಳಿಯವರಲ್ಲಿ ಅರ್ಧ ಜನ ಎಚ್.ಬಿ. ಹಳ್ಳಿ ಅಂತ ಮುಗಿಸಿದ್ರು. ಜಿಲ್ಲೆಯ ಕಾಲಂನಲ್ಲಂತೂ ವಿಜಯನಗರ, ಬಳ್ಳಾರಿ, ದಾವಣಗೆರೆ ಮೂರೂ ಇದ್ದವು.

ನಾವು ಮಾಡಿದ್ದೇನು ಗೊತ್ತಾ? ಈಗ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲೇ ಇವೆಯಲ್ಲ ಅಂತ ಒಂದೇ ಒಂದು ಅಪ್‌ಡೇಟ್ ಕಮಾಂಡ್ ಕೊಟ್ಟು ಎಲ್ಲರ ಜಿಲ್ಲೆಯನ್ನೂ ವಿಜಯನಗರ ಮಾಡಿಬಿಟ್ವಿ. ಡೇಟಾ ಕ್ಲೀನ್ ಆಯ್ತು ಅಂತ ಖುಷಿ ಬೇರೆ.

ಮಾರನೇ ದಿನ ಹರಪನಹಳ್ಳಿಯ ನಮ್ಮ ಗೆಳತಿ ಬಂದು ಕೇಳಿದಳು: "ನನ್ನ ಜನನ ಪ್ರಮಾಣ ಪತ್ರದಲ್ಲಿ ದಾವಣಗೆರೆ ಇದೆ, ಹೈಸ್ಕೂಲ್ ಕಾಗದದಲ್ಲಿ ಬಳ್ಳಾರಿ, ಪಿಯು ಕಾಗದದಲ್ಲಿ ವಿಜಯನಗರ. ನಾವು ಮನೆ ಬದಲಿಸೇ ಇಲ್ಲ. ನನ್ನ ಥರದ ಜೂನಿಯರ್ ಬಂದ್ರೆ ಈ ಪಟ್ಟಿ ನೋಡಿ ಅವಳಿಗೆ ಏನು ತಿಳಿಯುತ್ತೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಇದು ಸ್ಪೆಲಿಂಗ್ ತಪ್ಪಲ್ಲ, ಇತಿಹಾಸ

1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಅದಕ್ಕೆ ಸೇರಿಸಿದರು. ಆಮೇಲೆ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು. ಬಳ್ಳಾರಿ ಜಿಲ್ಲೆ ಆ ಪಟ್ಟಿಯಲ್ಲಿತ್ತು, ದಾವಣಗೆರೆ ಇರಲಿಲ್ಲ. ಹಾಗಾಗಿ ಪಕ್ಕದ ಹಡಗಲಿಯವರಿಗೆ ಸಿಗುವ ಮೀಸಲಾತಿ ಹರಪನಹಳ್ಳಿಯವರಿಗೆ ಸಿಗಲಿಲ್ಲ. ಹೋರಾಟಗಳಾದವು. 2018ರಲ್ಲಿ ತಾಲ್ಲೂಕನ್ನು ಬಳ್ಳಾರಿಗೆ ವಾಪಸ್ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿತು. ಕೊಟ್ಟೂರಿನದ್ದು ಇನ್ನೊಂದು ಕಥೆ, ಅದು ಮೊದಲು ಕೂಡ್ಲಿಗಿ ತಾಲ್ಲೂಕಿನ ಒಳಗೇ ಇತ್ತು. ಇನ್ನು ಮನೆಯಲ್ಲಿ ತಾತನ ಕಾಲದ ಕಾಗದ ಇದ್ದರೆ, 1953ಕ್ಕಿಂತ ಹಿಂದಿನದಾದರೆ, ರಾಜ್ಯವೇ ಮದ್ರಾಸ್!

ಅಂದ್ರೆ ಗೆಳತಿಯ ಮೂರು ಕಾಗದವೂ ಸರಿ. ತಪ್ಪು ಇದ್ದದ್ದು ನಮ್ಮ ಟೇಬಲ್‌ನಲ್ಲಿ. ಅದಕ್ಕೆ "ಯಾವಾಗ" ಅನ್ನೋದೇ ಗೊತ್ತಿರಲಿಲ್ಲ. ಇದನ್ನು ಸರಿಮಾಡೋಕೆ ಹೊರಟಾಗ ಪೋಸ್ಟ್‌ಗ್ರೆಸ್‌ನ ಕೆಲವು ಎಕ್ಸ್‌ಟೆನ್ಶನ್‌ಗಳು ಸಿಕ್ಕವು. ಕೆಳಗಿನ ಎರಡೂ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತವೆ. ಕ್ರಿಯೇಟ್ ಎಕ್ಸ್‌ಟೆನ್ಶನ್ ಅಂತ ಬರೆದು ಹೆಸರು ಕೊಟ್ಟರೆ ಸಾಕು. ಆದರೆ ಪ್ರತಿ ಡೇಟಾಬೇಸ್‌ಗೂ ಬೇರೆ ಬೇರೆಯಾಗಿ ಆನ್ ಮಾಡಬೇಕು, ಇದು ಮರೆತು ನಾವು ಅರ್ಧ ಗಂಟೆ ಕಳೆದ್ವಿ.

ಪಿಜಿ ಟ್ರೈಗ್ರಾಮ್: ಹೆಸರುಗಳನ್ನು ಹೋಲಿಸೋಕೆ

ಇದು ಪದವನ್ನು ಮೂರು ಮೂರು ಅಕ್ಷರದ ತುಂಡು ಮಾಡಿ, ಎರಡು ಪದಗಳಲ್ಲಿ ಎಷ್ಟು ತುಂಡು ಒಂದೇ ಇವೆ ಅಂತ ಲೆಕ್ಕ ಹಾಕುತ್ತೆ. ಹರಪನಹಳ್ಳಿಯನ್ನು ಇಂಗ್ಲಿಷ್‌ನಲ್ಲಿ ಆರ್ ಆದಮೇಲೆ ಎ ಹಾಕಿ ಬರೆದರೆ 14 ತುಂಡು, ಎ ಬಿಟ್ಟರೆ 13. ಎರಡರಲ್ಲೂ ಇರುವವು 11. ಒಟ್ಟು ಬೇರೆ ಬೇರೆ ತುಂಡುಗಳು 16. ಹಾಗಾಗಿ ಹೋಲಿಕೆ 11 ಭಾಗಿಸು 16, ಸುಮಾರು 0.69. ಚೆನ್ನಾಗಿದೆ.

ಆದರೆ ಹುಷಾರು. ಹರಪನಹಳ್ಳಿಗೂ ಹಗರಿಬೊಮ್ಮನಹಳ್ಳಿಗೂ ಕೊನೆಯ "ನಹಳ್ಳಿ" ಒಂದೇ. ಅವೆರಡರ ಹೋಲಿಕೆ 9 ಭಾಗಿಸು 24, ಅಂದ್ರೆ 0.375. ಡೀಫಾಲ್ಟ್ ಮಿತಿ 0.3. ಹಾಗೇ ಬಿಟ್ಟರೆ ಎರಡು ತಾಲ್ಲೂಕು ಒಂದಾಗಿಬಿಡುತ್ತವೆ! ನಾವು ಮಿತಿಯನ್ನು 0.5ಕ್ಕೆ ಏರಿಸಿದ್ವಿ. ಹಡಗಲಿ ಮತ್ತು ಹೂವಿನ ಹಡಗಲಿಗೆ ವರ್ಡ್ ಸಿಮಿಲಾರಿಟಿ ಫಂಕ್ಷನ್ ಬಳಸಿದ್ವಿ. ಅದು ದೊಡ್ಡ ಹೆಸರಿನ ಒಳಗೆ ಚಿಕ್ಕ ಹೆಸರು ಇದೆಯಾ ಅಂತ ಹುಡುಕುತ್ತೆ. ಎಚ್.ಬಿ. ಹಳ್ಳಿಗೆ ಮಾತ್ರ ಯಾವ ಲೆಕ್ಕವೂ ಸಾಲಲ್ಲ, ಅದಕ್ಕೆ ಅಡ್ಡಹೆಸರುಗಳ ಒಂದು ಪುಟ್ಟ ಟೇಬಲ್ ಮಾಡಲೇಬೇಕು.

ಬಿಟ್ರೀ ಜಿಸ್ಟ್ ಮತ್ತು ಡೇಟ್ ರೇಂಜ್: ಕಾಲವನ್ನು ಇಡೋಕೆ

ನಮಗೆ ಅತಿ ಹೆಚ್ಚು ಇಷ್ಟವಾದದ್ದು ಇದು. ಡೇಟ್ ರೇಂಜ್ ಅನ್ನೋದು ಪೋಸ್ಟ್‌ಗ್ರೆಸ್‌ನಲ್ಲೇ ಇರುವ ಡೇಟಾ ಟೈಪ್, ಒಂದೇ ಕಾಲಂನಲ್ಲಿ "ಇಂದಿನಿಂದ ಇಲ್ಲಿವರೆಗೆ" ಅಂತ ಇಡಬಹುದು. ತಾಲ್ಲೂಕು, ಜಿಲ್ಲೆ, ಅವಧಿ ಅಂತ ಮೂರು ಕಾಲಂ ಮಾಡಿದ್ವಿ. ಹರಪನಹಳ್ಳಿಗೆ ಈಗ ಒಂದು ಸಾಲಲ್ಲ, ಸಾಲು ಸಾಲು.

ಬಿಟ್ರೀ ಜಿಸ್ಟ್ ಆನ್ ಮಾಡಿದರೆ ಇದರ ಮೇಲೆ ಎಕ್ಸ್‌ಕ್ಲೂಡ್ ಕನ್‌ಸ್ಟ್ರೇಂಟ್ ಹಾಕಬಹುದು. ಒಂದೇ ತಾಲ್ಲೂಕಿಗೆ ಎರಡು ಅವಧಿಗಳು ಒಂದರ ಮೇಲೊಂದು ಬಂದರೆ ಡೇಟಾಬೇಸ್ ಆ ಸಾಲನ್ನು ಒಳಗೇ ಬಿಡಲ್ಲ. ಒಂದೇ ದಿನ ಹರಪನಹಳ್ಳಿ ಎರಡು ಜಿಲ್ಲೆಯಲ್ಲಿ ಇರೋಕೆ ಸಾಧ್ಯವೇ ಇಲ್ಲ. ಒಂದು ಟಿಪ್: ಅವಧಿಯ ಮೊದಲ ದಿನ ಸೇರಿಸಿ, ಕೊನೆಯ ದಿನ ಬಿಡಿ. ಆಗ ಹಳೇ ಜಿಲ್ಲೆ ಮುಗಿಯುವ ದಿನಾಂಕವೇ ಹೊಸ ಜಿಲ್ಲೆ ಶುರುವಾಗುವ ದಿನಾಂಕ ಆಗಬಹುದು, ಜಗಳ ಬರಲ್ಲ. ದಿನಾಂಕಗಳನ್ನು ನೆನಪಿನಿಂದ ಹಾಕಬೇಡಿ, ಗೆಜೆಟ್ ಅಧಿಸೂಚನೆ ನೋಡಿ ಹಾಕಿ.

ಈಗ ಕಾಗದದ ದಿನಾಂಕ ಕೊಟ್ಟರೆ ಆ ದಿನ ಯಾವ ಜಿಲ್ಲೆ ಅಂತ ಒಂದೇ ಕ್ವೆರಿಯಲ್ಲಿ ಬರುತ್ತೆ.

ಪಿಜಿಅಡ್ಮಿನ್‌ನಲ್ಲಿ ಮರೆಯಬಾರದ ಮೂರು

ಮೊದಲನೆಯದು ಆಟೋ ಕಮಿಟ್. ಅಪ್‌ಡೇಟ್ ಮಾಡುವ ಮುಂಚೆ ಕ್ವೆರಿ ಟೂಲ್‌ನಲ್ಲಿ ಇದನ್ನು ಆಫ್ ಮಾಡಿ. ಎಷ್ಟು ಸಾಲು ಬದಲಾಯ್ತು ನೋಡಿ, ಸರಿ ಇದ್ದರೆ ಮಾತ್ರ ಕಮಿಟ್, ಇಲ್ಲಾಂದ್ರೆ ರೋಲ್‌ಬ್ಯಾಕ್. ನಾವು ಇದೊಂದು ಮಾಡಿದ್ದರೆ ಫಾರ್ಮ್‌ನ ಫೈಲ್ ಹುಡುಕಿ ಮತ್ತೆ ತುಂಬುವ ಕೆಲಸ ತಪ್ಪುತ್ತಿತ್ತು.

ಎರಡನೆಯದು ಸಿಎಸ್‌ವಿ ಇಂಪೋರ್ಟ್. ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸಿ, ಫೈಲನ್ನೂ ಹಾಗೇ ಸೇವ್ ಮಾಡಿ. ಇಲ್ಲದಿದ್ದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆ ಆಗಬಹುದು.

ಮೂರನೆಯದು ಇಆರ್‌ಡಿ ಟೂಲ್. ಟೇಬಲ್‌ಗಳ ಚಿತ್ರ ತಾನೇ ಬರೆದುಕೊಡುತ್ತೆ, ರಿಪೋರ್ಟ್‌ಗೂ ಆಯ್ತು, ವೈವಾಗೂ ಆಯ್ತು.

ಕೊನೆಗೆ

ಈಗ ನಮ್ಮ ಟೇಬಲ್‌ನಲ್ಲಿ ಜನ ತಾವೇ ಬರೆದ ಹೆಸರಿಗೆ ಒಂದು ಕಾಲಂ, ನಾವು ಹೊಂದಿಸಿದ ತಾಲ್ಲೂಕಿಗೆ ಇನ್ನೊಂದು ಕಾಲಂ. ಮೊದಲನೆಯದನ್ನು ಯಾರೂ ಮುಟ್ಟುವಂತಿಲ್ಲ. ಎಕ್ಸ್‌ಟೆನ್ಶನ್ ಸಲಹೆ ಕೊಡುತ್ತೆ, ಒಪ್ಪೋದು ಆ ಊರಿನವರು.

ತಮಾಷೆ ಅಂದ್ರೆ, ಇಷ್ಟೆಲ್ಲಾ ಜಿಲ್ಲೆ ಬದಲಾದರೂ ಹರಪನಹಳ್ಳಿಯ ಪಿನ್ ಕೋಡ್ ಮಾತ್ರ ದಾವಣಗೆರೆ ಜಿಲ್ಲೆಯಲ್ಲಿದ್ದಾಗಲೂ 583131, ಈಗಲೂ 583131. ಪೋಸ್ಟ್‌ಮ್ಯಾನ್‌ಗೆ ನಮ್ಮ ಗೆಳತಿಯ ಮನೆ ಯಾವತ್ತೂ ಕಳೆದುಹೋಗಲಿಲ್ಲ. ಕಳೆದುಹೋಗಿದ್ದು ನಮ್ಮ ಅಪ್‌ಡೇಟ್ ಕಮಾಂಡ್‌ನಲ್ಲಿ ಮಾತ್ರ. ನೀವು ಮುಂದಿನ ಸಲ ಯಾರದ್ದಾದರೂ ಡೇಟಾ "ಕ್ಲೀನ್" ಮಾಡೋಕೆ ಕೂತಾಗ, ಎಂಟರ್ ಒತ್ತುವ ಮುಂಚೆ ಅವರನ್ನೊಮ್ಮೆ ಕೇಳಿ.