ಬಾಯಾರಿದಾಗ ತೋಡುವ ಬಾವಿ

ಸಂಕ್ರಾಂತಿಗೆ ಇನ್ನೆರಡು ದಿನಗಳಿದ್ದುವು. ಹೊನ್ನಾಳಿಯ ನಮ್ಮ ಮನೆಯಲ್ಲಿ ಎಳ್ಳು ಹುರಿಯುವ, ಕೊಬ್ಬರಿ ಹೆಚ್ಚುವ ಸಡಗರ ನಡೆದಿತ್ತು. ಆಗ ಬಾಗಿಲು ತಟ್ಟಿದವನು ಚನ್ನಗಿರಿ ಸೀಮೆಯ ಅಡಕೆ ಬೆಳೆಗಾರರೊಬ್ಬರ ಮಗ, ದ್ವಿತೀಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದ ನನ್ನ ವಿದ್ಯಾರ್ಥಿ. ಕೈಯಲ್ಲೊಂದು ಕಾಗದ, ಮುಖದಲ್ಲಿ ಗಾಬರಿ.

"ಸಾರ್, ನಾಡಿದ್ದೇ ಕೊನೆಯ ದಿನ. ಈ ವಿಷಯವನ್ನೇ ಏಕೆ ಓದಬೇಕು, ನನ್ನನ್ನೇ ಏಕೆ ಸೇರಿಸಿಕೊಳ್ಳಬೇಕು ಎಂದು ನಾನೇ ಬರೆದು ಅರ್ಜಿಯ ಜೊತೆಗೆ ಕಳಿಸಬೇಕಂತೆ. ಏನೂ ತೋಚುತ್ತಿಲ್ಲ. ನೀವೇ ಬರೆದುಕೊಟ್ಟುಬಿಡಿ."

ಅದು ನಮ್ಮ ದೇಶದ್ದೇ ಒಂದು ವಿಶ್ವವಿದ್ಯಾನಿಲಯ. ಹೆಸರು ಇಲ್ಲಿ ಬೇಡ. ಹುಡುಗ ಬುದ್ಧಿವಂತ, ನನಗೋ ಭಾಷೆಯ ಮೇಲೆ ಒಂದಿಷ್ಟು ಹಿಡಿತವಿದೆಯೆಂಬ ಹಮ್ಮು. ರಾತ್ರಿ ಹನ್ನೆರಡರವರೆಗೆ ಕುಳಿತು ಬರೆದುಕೊಟ್ಟೆ. ಜ್ಞಾನವೆಂಬ ಮಹಾಸಾಗರ, ಅದರ ದಡದಲ್ಲಿ ಚಿಪ್ಪು ಆಯುವ ಬಾಲಕ, ದಿಗಂತದಾಚೆಗೆ ಕೈಬೀಸುವ ರಸಾಯನಶಾಸ್ತ್ರ, ಇವೆಲ್ಲವೂ ಅದರಲ್ಲಿದ್ದುವು. ಹುಡುಗನೊಬ್ಬನು ಮಾತ್ರ ಇರಲಿಲ್ಲ.

ಎರಡು ತಿಂಗಳ ಮೇಲೆ ಸಂದರ್ಶನಕ್ಕೆ ಕರೆ ಬಂತು. ಅಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಆ ಬರಹವನ್ನು ಮುಂದಿಟ್ಟುಕೊಂಡು, "ಈ ಚಿಪ್ಪು ಆಯುವ ಬಾಲಕನ ಮಾತು ಮೊದಲು ಯಾರದು?" ಎಂದು ಕೇಳಿದರಂತೆ. ನ್ಯೂಟನ್ನನದೆಂದು ಪ್ರಸಿದ್ಧವಾದ ಆ ಮಾತನ್ನು ನಾನು ಧಾರಾಳವಾಗಿ ಬಳಸಿಕೊಂಡಿದ್ದೆ. ಹುಡುಗನಿಗೆ ಅದು ತಿಳಿಯದು. ಅವನು ತಲೆ ತಗ್ಗಿಸಿ ಕುಳಿತ. ಕೊನೆಗೆ ಅವರು ಸಮಾಧಾನಕ್ಕೆಂಬಂತೆ ತಂದೆಯ ಉದ್ಯೋಗವನ್ನು ವಿಚಾರಿಸಿದರು. ಆಗ ಅವನ ಬಾಯಿ ಬಿಚ್ಚಿತು.

ಮಳೆ ಜೋರಾದ ವರ್ಷಗಳಲ್ಲಿ ಅಡಕೆಗೆ ಕೊಳೆರೋಗ ಬರುತ್ತದೆ. ಅದನ್ನು ತಡೆಯಲು ಗೊನೆಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ದ್ರಾವಣ ಹದವಾಯಿತೆ ಎಂದು ನೋಡುವ ಕೆಲಸ ಹತ್ತನೆಯ ವಯಸ್ಸಿನಿಂದಲೂ ಆ ಹುಡುಗನದು. ಉಜ್ಜಿ ಹೊಳಪುಮಾಡಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕಟ್ಟಿದರೆ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಚಾಕು ಏಕೆ ಕೆಂಪಾಗುತ್ತದೆ ಎಂಬ ಪ್ರಶ್ನೆ ಐದು ವರ್ಷ ಅವನನ್ನು ಕಾಡಿ, ಹತ್ತನೆಯ ತರಗತಿಯ ಪಾಠದಲ್ಲಿ ಉತ್ತರ ಸಿಕ್ಕಿದ ದಿನ ಅವನು ಮನೆಗೆ ಓಡಿಹೋಗಿ ತಂದೆಗೆ ಹೇಳಿದ್ದನಂತೆ.

ಪ್ರಾಧ್ಯಾಪಕರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟು, "ಇದನ್ನೇಕೆ ಬರೆಯಲಿಲ್ಲ?" ಎಂದರು. ಹುಡುಗನಿಗೆ ಪ್ರವೇಶ ದೊರೆಯಲಿಲ್ಲ.

ಏನಿದು ಪತ್ರ?

ನಮ್ಮ ಕಡೆಯ ತಾಯಿತಂದೆಗಳಿಗೆ ಈ ಪದ್ಧತಿ ಹೊಸದು. ನ್ಯಾಮತಿಯ ವರ್ತಕರೊಬ್ಬರು, "ಶೇಕಡ ತೊಂಬತ್ತಾರು ಬಂದಿದೆ. ಅಂಕಪಟ್ಟಿಗಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು ಸ್ವಾಮಿ?" ಎಂದು ನನ್ನನ್ನು ಕೇಳಿದ್ದುಂಟು. ಅವರ ಪ್ರಶ್ನೆ ತಪ್ಪಲ್ಲ. 1994ರಿಂದ ಕರ್ನಾಟಕದಲ್ಲಿ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ, ಅಂಕವಿದ್ದರೆ ಸೀಟು. 1997ರಲ್ಲಿ ಜಿಲ್ಲೆಯಾದ ದಾವಣಗೆರೆಗೆ 2009ರಲ್ಲಿ ತನ್ನದೇ ವಿಶ್ವವಿದ್ಯಾನಿಲಯ ಬಂತು. ನಮ್ಮ ಪದವಿ ಕಾಲೇಜುಗಳಲ್ಲಿಯೂ ಅಂಕಪಟ್ಟಿಯೇ ಮಾತನಾಡುತ್ತದೆ. "ನೀನು ಯಾರು?" ಎಂದು ವಿದ್ಯಾರ್ಥಿಯನ್ನು ಯಾರೂ ಕೇಳುವುದಿಲ್ಲ.

ಕೇಳುವ ಕಡೆಗಳೂ ಇವೆ. ದೇಶದ ಕೆಲವು ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಈಗ ಈ ಬರಹ ಬೇಕು. ಬ್ರಿಟನ್ನಿಗೆ ಹೋಗುವವರು ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಅರ್ಜಿ ಹಾಕುತ್ತಾರೆ. ಅಲ್ಲಿ ಇದರ ಹೆಸರು ಪರ್ಸನಲ್ ಸ್ಟೇಟ್‌ಮೆಂಟ್. ನಾವು ಸ್ವನಿವೇದನೆ ಎನ್ನೋಣ. ತೆರಪುಗಳೂ ಸೇರಿ 4,000 ಅಕ್ಷರಗಳ ಮಿತಿ, ಎಂದರೆ ಇಂಗ್ಲಿಷಿನ ಸುಮಾರು ಆರುನೂರು ಪದಗಳು. 2026ರ ಪ್ರವೇಶದಿಂದ ಇದನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಿದ್ದಾರೆ: ಈ ವಿಷಯವನ್ನು ಏಕೆ ಓದಬಯಸುವೆ? ನಿನ್ನ ಓದು ಅದಕ್ಕೆ ನಿನ್ನನ್ನು ಹೇಗೆ ಸಿದ್ಧಗೊಳಿಸಿದೆ? ತರಗತಿಯ ಹೊರಗೆ ಏನು ಮಾಡಿರುವೆ, ಅದರಿಂದ ಏನು ಪ್ರಯೋಜನ? ಅಮೆರಿಕದ ಅನೇಕ ಕಾಲೇಜುಗಳು ಒಪ್ಪುವ ಕಾಮನ್ ಅಪ್ಲಿಕೇಶನ್ನಿನಲ್ಲಿ ಪ್ರಬಂಧದ ಮಿತಿ 650 ಪದಗಳು.

ಆರುನೂರು ಪದಗಳಿಗೆ ಇಷ್ಟೇಕೆ ಚಿಂತೆ, ಎರಡು ರಾತ್ರಿಯ ಕೆಲಸವಲ್ಲವೆ ಎನ್ನುವವರಿಗಾಗಿ ಒಂದು ನಿಜವಾದ ಸಂಗತಿ. 2007ರಲ್ಲಿ ಯುಕಾಸ್ ಸಂಸ್ಥೆಯು ಸಾವಿರಾರು ನಿವೇದನೆಗಳನ್ನು ಒಂದಕ್ಕೊಂದು ಹೋಲಿಸಿ ನೋಡಿತು. ಎಂಟನೆಯ ವಯಸ್ಸಿನಲ್ಲಿ ರಸಾಯನ ಪ್ರಯೋಗ ಮಾಡಲು ಹೋಗಿ ಪೈಜಾಮ ಸುಟ್ಟುಕೊಂಡೆನೆಂದು 234 ಮಂದಿ ಬರೆದಿದ್ದರು! ಎಲ್ಲರೂ ಒಂದೇ ಮಾದರಿಯಿಂದ ಕದ್ದವರು. ಸುಡದ ಪೈಜಾಮದ ಕಥೆ ಅಲ್ಲಿ 234. ನಿಜವಾಗಿ ಕೆಂಪಾದ ಚಾಕುವಿನ ಕಥೆ ಚನ್ನಗಿರಿಯ ತೋಟದಲ್ಲಿ ಒಂದೇ ಒಂದು, ಅದೂ ಬರೆಯದೆ ಉಳಿಯಿತು. ಕಾರಣವೇನು? ಸಮಯವಿರಲಿಲ್ಲ. ಅವಸರದಲ್ಲಿರುವವನಿಗೆ ಮೊದಲು ಹೊಳೆಯುವುದು ಪರರ ಮಾತು. ತನ್ನ ಮಾತು ನಿಧಾನವಾಗಿ ಬರುತ್ತದೆ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರ ಅರೆಗಳಿಗೆಯಲ್ಲಿ ಬರೆದುಕೊಡುವುದೂ ಅಂಥ ಪರರ ಮಾತೇ. ನಾನು ಒಂದು ರಾತ್ರಿಯಲ್ಲಿ ಮಾಡಿದ ಅಪಚಾರವನ್ನು ಅದು ಇನ್ನೂ ಬೇಗ ಮಾಡುತ್ತದೆ, ಅಷ್ಟೆ.

ಆರು ತಿಂಗಳ ಲೆಕ್ಕ

ಹಾಗಾದರೆ ಯಾವಾಗ ಆರಂಭಿಸಬೇಕು? ಕೊನೆಯ ದಿನಾಂಕಕ್ಕೆ ಆರು ತಿಂಗಳು ಮೊದಲು ಎಂಬುದು ನನ್ನ ಉತ್ತರ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಿಗೂ ಬ್ರಿಟನ್ನಿನ ಬಹುಪಾಲು ವೈದ್ಯಕೀಯ ಶಿಕ್ಷಣಕ್ಕೂ ಅಕ್ಟೋಬರ್ 15 ಗಡುವು. ಉಳಿದ ಬಹುತೇಕ ಶಿಕ್ಷಣಕ್ರಮಗಳಿಗೆ 2026ರ ಪ್ರವೇಶದ ಸಂದರ್ಭದಲ್ಲಿ ಜನವರಿ 14 ನಿಗದಿಯಾಗಿತ್ತು. ನಮ್ಮ ಮಕ್ಕಳ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜೂನ್ ಬಂತೆಂದರೆ ದ್ವಿತೀಯ ಪಿ.ಯು.ಸಿ., ಅದರ ಬೆನ್ನಿಗೆ ಟ್ಯೂಷನ್, ಕಿರುಪರೀಕ್ಷೆ, ದಸರೆಯ ಹೊತ್ತಿಗೆ ಅರ್ಧವಾರ್ಷಿಕ, ಸಂಕ್ರಾಂತಿ ಕಳೆದರೆ ಪೂರ್ವಸಿದ್ಧತಾ ಪರೀಕ್ಷೆ. ಬಿಡುವು ಸಿಗುವುದು ಪ್ರಥಮ ವರ್ಷದ ಪರೀಕ್ಷೆ ಮುಗಿದ ಏಪ್ರಿಲ್, ಮೇ ತಿಂಗಳುಗಳಲ್ಲಿ. ಬಾವಿಯನ್ನು ಆಗಲೇ ತೋಡಬೇಕು.

ನನ್ನ ಸೋದರತ್ತೆಯ ಮೊಮ್ಮಗಳು ಜಗಳೂರಿನವಳು. ಆ ಘಟನೆಯಾದ ಮರುವರ್ಷ ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಳು. ಅವಳೂ ಅಂಥದೇ ಅರ್ಜಿಯ ಯೋಚನೆಯಲ್ಲಿದ್ದಳು. ಈ ಸಲ ನಾನು ಬರೆದುಕೊಡಲಿಲ್ಲ. ನಲವತ್ತು ಪುಟಗಳ ಒಂದು ನೋಟುಪುಸ್ತಕವನ್ನು ಕೊಟ್ಟು, "ದಿನಕ್ಕೆ ಐದೇ ಸಾಲು, ಕನ್ನಡದಲ್ಲಿ. ನೀನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು ಮಾತ್ರ" ಎಂದೆ.

ಮೊದಲ ಎರಡು ವಾರ ಬಂದದ್ದು ದೇಶಸೇವೆ, ವಿಜ್ಞಾನದ ಮಹತ್ತ್ವ, ಗುರುಹಿರಿಯರ ಆಶೀರ್ವಾದ. ಮೂರನೆಯ ವಾರದಲ್ಲಿ ಒಂದು ದಿನ ಕೊಳವೆಬಾವಿ ಬಂತು. ಜಗಳೂರಿನ ಬೆದ್ದಲು ಭೂಮಿಯಲ್ಲಿ ನೀರಿನ ಮಾತು ಬಾರದ ಮನೆಯಿಲ್ಲ. ಅವಳ ತಂದೆ ಮೂರು ಸಲ ಕೊರೆಯಿಸಿ ಎರಡು ಸಲ ಸೋತವರು. ಯಂತ್ರ ಮೇಲಕ್ಕೆ ಉಗುಳುವ ಕಲ್ಲಿನ ಪುಡಿಯ ಬಣ್ಣ ಆಳಕ್ಕಿಳಿದಂತೆ ಬದಲಾಗುವುದನ್ನು ನೋಡಿ, ಅವಳು ಒಂದೊಂದು ಹಿಡಿಯನ್ನು ಹಳೆಯ ಔಷಧದ ಸೀಸೆಗಳಲ್ಲಿ ತುಂಬಿ, ಮೇಲೆ ಅಡಿಗಳ ಲೆಕ್ಕದ ಚೀಟಿ ಅಂಟಿಸಿದ್ದಳು. ಎರಡನೆಯ ಬಾವಿ ಬತ್ತಿದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅಂದು ಸಂಜೆ ಅವಳು ಸೀಸೆಗಳನ್ನು ಸಾಲಾಗಿಟ್ಟು, ನೀರು ಎಲ್ಲಿ ತಪ್ಪಿಸಿಕೊಂಡಿತೆಂದು ಹುಡುಕುತ್ತ ಕುಳಿತಿದ್ದಳು. ಭೂವಿಜ್ಞಾನವನ್ನು ಏಕೆ ಓದಬೇಕೆಂಬುದಕ್ಕೆ ಇದಕ್ಕಿಂತ ಉತ್ತರ ಬೇಕೆ? "ಇದನ್ನೆಲ್ಲ ಬರೆಯಬಹುದೆ ಮಾವ? ನಗುವುದಿಲ್ಲವೆ?" ಎಂದು ಅವಳು ಕೇಳಿದಳು. ನಮ್ಮ ಮಕ್ಕಳಿಗೆ ಈ ಧೈರ್ಯ ಹುಟ್ಟಲು ಮೂರು ವಾರ ಬೇಕು. ಎರಡು ರಾತ್ರಿ ಸಾಲದು.

ಅನಂತರದ ಕ್ರಮ ಸರಳ. ಮೇ ತಿಂಗಳಲ್ಲಿ ನೋಟುಪುಸ್ತಕದಿಂದ ಎರಡು ಮೂರು ಸಂಗತಿಗಳನ್ನು ಆರಿಸಿದೆವು. ಜೂನ್‌ನಲ್ಲಿ ಅವಳು ಉದ್ದಕ್ಕೆ ಬರೆದು, ಹದಿನೈದು ದಿನ ಮುಟ್ಟದೆ ಪೆಟ್ಟಿಗೆಯಲ್ಲಿಟ್ಟಳು. ಹೊರಗೆ ತೆಗೆದಾಗ ಅಲಂಕಾರವೆಲ್ಲ ತಾನಾಗಿಯೇ ಹೇಸಿಗೆಯಾಗಿ ಕಂಡಿತು. ಜುಲೈ, ಆಗಸ್ಟ್‌ಗಳಲ್ಲಿ ಇಂಗ್ಲಿಷಿಗೆ ತಂದು, ಗಟ್ಟಿಯಾಗಿ ಓದಿ, ನಾಲ್ಕು ಸಲ ತಿದ್ದಿದಳು. ತೋರಿಸಿದುದು ಇಬ್ಬರಿಗೆ ಮಾತ್ರ. ಹತ್ತು ಜನ ತಿದ್ದಿದ ಬರಹದಲ್ಲಿ ಬರೆದವರು ಉಳಿಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಶಿಫಾರಸು ಪತ್ರಕ್ಕಾಗಿ ಅಧ್ಯಾಪಕರನ್ನು ಕಂಡಳು. ಮೂರು ಕಡೆ ಅರ್ಜಿ ಹಾಕಿ, ಎರಡು ಕಡೆ ಇಲ್ಲವೆನಿಸಿಕೊಂಡು, ಒಂದು ಕಡೆ ಗೆದ್ದಳು.

ದಿನವೂ ಬರೆಯುವುದರ ಲಾಭ ಪುಸ್ತಕದಲ್ಲಿ ಉಳಿಯುವುದಷ್ಟೇ ಅಲ್ಲ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಹಳ್ಳಿಯೊಂದರಲ್ಲಿ ನೆಲೆಸಿ ಟಿಪ್ಪಣಿ ಮಾಡಿಕೊಂಡಿದ್ದರು. ಅವನ್ನು ಪರಿಷ್ಕರಿಸಿ ಇಟ್ಟುಕೊಂಡಿದ್ದ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದುವು. ಶ್ರೀನಿವಾಸರು ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಗಿ ಲೋಕವಿಖ್ಯಾತವಾಯಿತು. ಕಾಗದ ಸುಟ್ಟರೂ ನೋಡಿದ ನೋಟ ಸುಡಲಿಲ್ಲ. ಐದು ಸಾಲು ಬರೆಯುವ ಹುಡುಗಿಗೂ ಆಗುವ ಲಾಭ ಇದೇ. ಸಂದರ್ಶನದಲ್ಲಿ ಯಾರು ಏನು ಕೇಳಿದರೂ ಅವಳು ತಲೆ ತಗ್ಗಿಸಬೇಕಾಗಿಲ್ಲ.

ತಾಯಿತಂದೆಗಳಿಗೊಂದು ಬಿನ್ನಹ. ಮಗು ಒಂಬತ್ತನೆಯ ತರಗತಿಗೆ ಬಂದೊಡನೆಯೆ ಅರ್ಜಿಯ ಮಾತೆತ್ತಬೇಡಿ. ಅದು ಕಾಯಿಯನ್ನು ಹಿಚುಕಿ ಹಣ್ಣುಮಾಡಿದಂತೆ. ಆದರೆ ಅದು ಏನನ್ನೋ ನೋಡುತ್ತ ನಿಂತಿದ್ದರೆ, "ಹೋಗು, ಓದಿಕೋ" ಎಂದು ಅಟ್ಟಲೂ ಬೇಡಿ. ಮುಂದೆ ಬರೆಯಬೇಕಾದುದು ಆ ನೋಟವನ್ನೇ.

ಚನ್ನಗಿರಿಯ ಹುಡುಗ ಈಗ ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾನೆ. ಅವನಿಗೆ ನನ್ನ ಮೇಲೆ ಸಿಟ್ಟಿಲ್ಲ, ನನಗಿದೆ. ಮೊನ್ನೆ ಏಪ್ರಿಲ್‌ನಲ್ಲಿ ಮನೆಗೆ ಬಂದಿದ್ದ. ಎಂ.ಎಸ್ಸಿ.ಗೆ ಮತ್ತೊಂದು ಕಡೆ ಅರ್ಜಿ ಹಾಕುವನಂತೆ; ಕೊನೆಯ ದಿನಕ್ಕೆ ಇನ್ನೂ ಎಂಟು ತಿಂಗಳಿದೆ. ಚೀಲದಿಂದ ಒಂದು ನೋಟುಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟ. ಮೊದಲ ಪುಟದಲ್ಲಿ ಐದು ಸಾಲುಗಳಿದ್ದುವು, ಚಾಕುವಿನ ವಿಷಯ.